ಗುಂಡನಿಗೆ ಹಾಕಿದ ಲಂಘನ

ಇಂದ್ರಮ್ಮನ ಹತ್ತಿರ ಹೊಟ್ಟೆಯ ಕಾಯಿಲೆಗಳಿಗೆಲ್ಲ ಒಂದೇ ಔಷಧಿ ಇತ್ತು, ಲಂಘನ. ಮನುಷ್ಯರಾಗಲಿ, ಎಮ್ಮೆಯಾಗಲಿ, ಹೊಟ್ಟೆ ಕೆಟ್ಟಿತು ಅಂದರೆ ಮುಂದಿನ ತಟ್ಟೆ ಎತ್ತಿಡು, ಅಷ್ಟೆ. ‘ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ’ ಎಂಬ ಗಾದೆಯನ್ನು ಆಕೆ ಹೇಳುತ್ತಿದ್ದ ಧಾಟಿ ಕೇಳಿದರೆ, ಅದನ್ನು ಕಟ್ಟಿದವರು ಇವರ ಮನೆತನದವರೇ ಇರಬೇಕು ಅನ್ನಿಸುತ್ತಿತ್ತು. ಆಕೆಯ ಮಗ ಯತಿರಾಜ್ ಚಿಕ್ಕಂದಿನಲ್ಲಿ ಎಷ್ಟು ಲಂಘನ ಮಾಡಿದ್ದನೆಂದರೆ, ಮೂವತ್ತೈದು ತುಂಬಿ ಕಂಪನಿಯಲ್ಲಿ ಸೀನಿಯರ್ ಆಪರೇಟರ್ ಆದ ಮೇಲೂ ಅಮ್ಮನ ಎದುರು ಹೊಟ್ಟೆನೋವು ಅನ್ನುವ ಮಾತು ಎತ್ತುತ್ತಿರಲಿಲ್ಲ.

ಎರಡು ಸಾವಿರದ ಆರರ ಆ ಬೇಸಿಗೆಯಲ್ಲಿ ಯತಿರಾಜನ ಹೆಂಡತಿ ನಂದಿತಾ ಎರಡನೆಯ ಹೆರಿಗೆಗೆಂದು ತವರಿಗೆ ಹೋಗಿದ್ದಳು. ತಮಿಳುನಾಡಿನ ಹೊಸೂರಿನ ಪಕ್ಕದ ಮತ್ತಿಗಿರಿಯ ಬಾಡಿಗೆ ಮನೆಯನ್ನು ನೋಡಿಕೊಳ್ಳಲು ಇಂದ್ರಮ್ಮ ಶಿರಾ ಕಡೆಯ ತನ್ನ ಹಳ್ಳಿಯಿಂದ ಬಂದಿಳಿದಳು. ಮನೆಯಲ್ಲಿ ಇದ್ದದ್ದು ಮಗ, ಐದನೆಯ ಕ್ಲಾಸಿನ ಮೊಮ್ಮಗಳು ಸಿಂಚನಾ, ಮತ್ತೆ ಗುಂಡ. ಗುಂಡ ಅಂದರೆ ಮೊಲ. ಬೆಲ್ಲದ ಬಣ್ಣದ್ದು, ಎಡಗಿವಿ ಅರ್ಧಕ್ಕೆ ಮಡಚಿಕೊಂಡಿರುತ್ತಿತ್ತು. ಅಮ್ಮ ಊರಿಗೆ ಹೋದಾಗಿನಿಂದ ಸಿಂಚನಾ ಸ್ಕೂಲಿನ ಸುದ್ದಿಯನ್ನೆಲ್ಲ ಹೇಳಿಕೊಳ್ಳುತ್ತಿದ್ದದ್ದು ಆ ಮಡಚಿದ ಕಿವಿಗೇ.

ಗುಂಡ ಗುಂಡಗಾದದ್ದು ಕಂಪನಿಯ ದಯೆಯಿಂದ. ಯತಿರಾಜನ ಕ್ಯಾಂಟೀನಿನಲ್ಲಿ ಟೀ ಜೊತೆಗೆ ದಿನಕ್ಕೊಂದು ಬನ್ನು ಕೊಡುತ್ತಿದ್ದರು. ಅವನು ಬರೀ ಟೀ ಕುಡಿದು, ಬನ್ನನ್ನು ಕವರಿನಲ್ಲಿ ಸುತ್ತಿ ಮೊಲಕ್ಕೆಂದು ತರುತ್ತಿದ್ದ. ಕವರು ಸರಸರ ಅಂದರೆ ಸಾಕು, ಗುಂಡ ಪಂಜರದ ಬಾಗಿಲಿಗೆ ಬಂದು ಎರಡು ಕಾಲ ಮೇಲೆ ನಿಲ್ಲುತ್ತಿತ್ತು. ಮೊದಲೆಲ್ಲ ನಂದಿತಾ ಬೆಳಗ್ಗೆ ಎದ್ದು ಒಂದು ಕಟ್ಟು ಹುಲ್ಲನ್ನೂ ಹಾಕುತ್ತಿದ್ದಳು. ಇಂದ್ರಮ್ಮ ಬಂದ ಮೇಲೆ ಅದೂ ನಿಂತಿತು. ಮನೆಯಲ್ಲಿ ಅನ್ನ, ಚಪಾತಿ, ಬಾಳೆಹಣ್ಣು ಉಳಿಯುತ್ತಿರುವಾಗ ಹುಲ್ಲು ತಿನ್ನಿಸಲು ಇದೇನು ಎಮ್ಮೆಯೇ ಎಂಬುದು ಆಕೆಯ ವಾದ. ಪ್ರೀತಿ ಇರಲಿಲ್ಲ ಅಂತಲ್ಲ. ಪ್ರೀತಿ ಇತ್ತು, ತಿಳಿವಳಿಕೆ ಇರಲಿಲ್ಲ. ಈ ಪ್ರಪಂಚದಲ್ಲಿ ಅರ್ಧ ಅನಾಹುತ ಆಗುವುದೇ ಹೀಗೆ.

ಆಕೆಗೆ ಸಹಿಸಲಾಗದ್ದು ಒಂದೇ, ಹಿಕ್ಕೆ. ಬೆಳಗ್ಗೆ ಎದ್ದೊಡನೆ ಪಂಜರದ ಅಡಿ ಗುಡಿಸುವುದು, ಗುಡಿಸುತ್ತ ಬೈಯುವುದು, ಮೊಮ್ಮಗಳ ಕೈ ಹಿಕ್ಕೆಗೆ ತಾಗಿದರೆ ಮೂರು ಸಲ ಸೋಪು ಹಾಕಿ ತೊಳೆಸುವುದು. ಆ ಬುಧವಾರ ಕಸದಲ್ಲಿ ಸಿಕ್ಕದ್ದು ಮೆಣಸಿನ ಕಾಳಿನಷ್ಟು ಸಣ್ಣ ನಾಲ್ಕೈದು ಹಿಕ್ಕೆ, ಕೂದಲಿನ ಎಳೆಗೆ ಪೋಣಿಸಿದ ಹಾಗೆ. ಗುರುವಾರ ಅದೂ ಇಲ್ಲ. ಇಂದ್ರಮ್ಮನಿಗೆ ಸಂತೋಷವೇ ಆಯಿತು.

“ನಿನ್ ಗುಂಡ ಬುದ್ಧಿ ಕಲ್ತೈತೆ ಕಣೇ. ಗಲೀಜು ಮಾಡೋದು ಬಿಟ್ಬುಟ್ಟೈತೆ” ಎಂದು ಮೊಮ್ಮಗಳಿಗೆ ಹೇಳಿದಳು.

ಸಂಜೆ ಯತಿರಾಜ್ ಬಂದು ಕವರು ಸರಸರ ಅನ್ನಿಸಿದ. ಗುಂಡ ಏಳಲಿಲ್ಲ. ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ಕಿವಿ ಹಿಂದಕ್ಕೆ ಒತ್ತಿಕೊಂಡು, ಅರ್ಧ ಕಣ್ಣು ಮುಚ್ಚಿ ಕೂತಿತ್ತು. ಬನ್ನಿನ ಚೂರನ್ನು ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿತು. ಸಿಂಚನಾ ಹೊಟ್ಟೆ ಮುಟ್ಟಿ ನೋಡಿ, ಗಟ್ಟಿಯಾಗಿದೆ ಅಂದಳು.

“ಅಜೀರ್ಣ. ಬನ್ನು ತಿಂದೂ ತಿಂದೂ ಹೊಟ್ಟೆ ಕಟ್ಕೊಂಡೈತೆ. ನಾಳೆಯಿಂದ ಲಂಘನ” ಎಂದು ಇಂದ್ರಮ್ಮ ತೀರ್ಪು ಕೊಟ್ಟಳು.

ಯತಿರಾಜ್ ಏನೋ ಹೇಳಲು ಬಾಯಿ ತೆರೆದ. ಹಳೆಯ ಲಂಘನಗಳೆಲ್ಲ ನೆನಪಾಗಿರಬೇಕು, ಮುಚ್ಚಿಕೊಂಡ.

ಶುಕ್ರವಾರ ಬೆಳಗ್ಗೆ ಇಂದ್ರಮ್ಮ ಪಂಜರದಲ್ಲಿದ್ದ ಕಾಳುಕಡ್ಡಿಯನ್ನೆಲ್ಲ ಬಳಿದು ತೆಗೆದಳು. ನೀರಿನ ಬಟ್ಟಲನ್ನೂ ಎತ್ತಿದಳು.

“ಅಜ್ಜಿ, ನೀರಾದ್ರೂ ಇರ್ಲಿ” ಎಂದಳು ಸಿಂಚನಾ.

“ನೀರು ಕುಡುದ್ರೆ ಇನ್ನೂ ಉಬ್ಬರ್ಸ್ಕೊಳ್ತದೆ. ಎರಡು ದಿನ ಸುಮ್ಕಿರು, ಹೆಂಗೆ ಎದ್ದು ಕುಣೀತದೆ ನೋಡು.”

ಸ್ಕೂಲಿನಿಂದ ಬಂದ ಹುಡುಗಿ ಪಂಜರದ ಮುಂದೆಯೇ ಕೂತಳು. ಗುಂಡ ಒಂದೇ ಸಮನೆ ಹಲ್ಲು ಕಡಿಯುತ್ತಿತ್ತು. ಇಂದ್ರಮ್ಮ ಕೂಡ ಕಿವಿಗೊಟ್ಟು ಕೇಳಿ, ಹಸಿವು ಶುರುವಾಗಿದೆ, ಔಷಧಿ ನಾಟುತ್ತಿದೆ ಅಂದಳು. ಅದು ಹಸಿವಲ್ಲ, ನೋವು. ಬಾಯಿಲ್ಲದ ಪ್ರಾಣಿ ತನಗೆ ಗೊತ್ತಿದ್ದ ಒಂದೇ ಮಾತಿನಲ್ಲಿ ಹೇಳಿಕೊಳ್ಳುತ್ತಿತ್ತು, ಆ ಮನೆಯಲ್ಲಿ ಅದನ್ನು ತಿಳಿದವರು ಯಾರೂ ಇರಲಿಲ್ಲ.

ಶನಿವಾರ ಸ್ಕೂಲಿಗೆ ರಜ. ಯತಿರಾಜ್ ಬೆಳಗಿನ ಪಾಳಿಗೆ ಕಂಪನಿ ಬಸ್ಸು ಹತ್ತಿದ್ದ. ಇಂದ್ರಮ್ಮ ಒಗೆದ ಬಟ್ಟೆ ಹರವಲು ತಾರಸಿಗೆ ಹೋದಾಗ ನೀರಿನ ಟ್ಯಾಂಕಿನ ಹಿಂದೆ ಸಿಂಚನಾಳ ಲಂಗದ ಅಂಚು ಕಂಡಿತು. ಹುಡುಗಿ ಗುಂಡನನ್ನು ಮಡಿಲಲ್ಲಿಟ್ಟುಕೊಂಡು, ಪೆನ್ನಿಗೆ ಇಂಕು ತುಂಬುವ ಫಿಲ್ಲರಿನಿಂದ ಅದರ ಬಾಯಿಯ ಪಕ್ಕಕ್ಕೆ ಹನಿಹನಿಯಾಗಿ ನೀರು ಬಿಡುತ್ತಿದ್ದಳು. ಪಕ್ಕದಲ್ಲಿ ಒಂದು ಹಿಡಿ ಗರಿಕೆ ಇತ್ತು.

“ಯಾವಾಗ್ನಿಂದ ನಡೀತೈತೆ ಇದು?”

“ನಿನ್ನೆ ಸಾಯಂಕಾಲದಿಂದ. ಒಂಚೂರೇ ಅಜ್ಜಿ. ಫಿಲ್ಲರು ತೊಳ್ದಿದೀನಿ.”

ಇಂದ್ರಮ್ಮನ ಮೈಯೆಲ್ಲ ಉರಿದುಹೋಯಿತು. ಫಿಲ್ಲರನ್ನು ಕಿತ್ತುಕೊಂಡಳು. “ಬ್ಯಾಡ ಅಂದ್ರೂ ಕದ್ದು ಕೊಟ್ಟೆ. ಈಗ ಇದು ಸತ್ರೆ ನೀನೇ ಕೊಂದಂಗೆ, ತಿಳ್ಕೊ.”

ಹುಡುಗಿ ಗಾಬರಿಯಿಂದ ಎದ್ದು ನಿಂತಳು. ನೆಲಕ್ಕೆ ಬಿಟ್ಟ ಗುಂಡ ಎರಡು ಹೆಜ್ಜೆ ಇಟ್ಟು, ಹಾಗೇ ಪಕ್ಕಕ್ಕೆ ವಾಲಿ ಮಲಗಿಬಿಟ್ಟಿತು. ಕಾಲು ಚಾಚಿದ್ದು ಚಾಚಿದ ಹಾಗೇ ಉಳಿಯಿತು. ಇಂದ್ರಮ್ಮ ಬಗ್ಗಿ ಕಿವಿ ಮುಟ್ಟಿದಳು. ಬಿಸಿಲಿನಲ್ಲೂ ಅದು ತಣ್ಣಗಿತ್ತು. ಹೊಟ್ಟೆ ಮಾತ್ರ ಸಣ್ಣಗೆ ಏರಿಳಿಯುತ್ತಿತ್ತು.

ಸಿಂಚನಾ ಅಳಲಿಲ್ಲ. ನೀರು ಬಿಟ್ಟಿದ್ದ ಬಲಗೈಯನ್ನು ಲಂಗಕ್ಕೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ಇಂದ್ರಮ್ಮ ಅವಳ ಮುಖ ನೋಡಿದಳು. ಆ ಮುಖ ಯಾರದು ಎಂದು ಆಕೆಗೆ ಗೊತ್ತಿತ್ತು.

ಮೂವತ್ತೆಂಟು ವರ್ಷಗಳ ಹಿಂದೆ ಇದೇ ಮಾತನ್ನು ಇಂದ್ರಮ್ಮನಿಗೆ ಅವಳ ಅತ್ತೆ ಪಾಪಮ್ಮ ಹೇಳಿದ್ದಳು. ಆಗ ಇಂದ್ರಮ್ಮನಿಗೆ ಹತ್ತೊಂಬತ್ತು. ಯತಿರಾಜ್ ಇನ್ನೂ ಹುಟ್ಟಿರಲಿಲ್ಲ. ಚೊಚ್ಚಲ ಮಗ ಅಂಜನಪ್ಪನಿಗೆ ಒಂದೂವರೆ ವರ್ಷ, ಬಿರುಬೇಸಿಗೆಯಲ್ಲಿ ಭೇದಿ ಹತ್ತಿಕೊಂಡಿತ್ತು. ಹನಿ ನೀರನ್ನೂ ಮುಟ್ಟಿಸಕೂಡದು, ಹೊಟ್ಟೆ ಬರಿದಾದರೆ ಭೇದಿ ತಾನೇ ನಿಲ್ಲುತ್ತದೆ ಎಂದು ಪಾಪಮ್ಮ ಕಟ್ಟುಮಾಡಿದಳು. ಮೂರನೆಯ ದಿನ ಕೂಸಿನ ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ, ನೀರಿನ ಗಡಿಗೆಯನ್ನೇ ನೋಡುತ್ತಿತ್ತು. ತಾಯಿಗೆ ತಡೆಯಲಾಗಲಿಲ್ಲ. ಕಣಜದ ಹಿಂದೆ ಕೂತು ಎರಡು ಚಮಚ ಗಂಜಿನೀರು ಕುಡಿಸಿದಳು. ಮೂರನೆಯದು ತುಂಬುವಷ್ಟರಲ್ಲಿ ಅತ್ತೆ ಬಂದು ಕೈಹಿಡಿದಳು. ಸಂಜೆ ಕೂಸು ಹೋಯಿತು. ನೆಂಟರಿಷ್ಟರು ಸೇರಿದ ಅಂಗಳದಲ್ಲಿ ಪಾಪಮ್ಮ, ಬೇಡ ಅಂದರೂ ಕೊಟ್ಟು ಕೊಂದಳು ಎಂದು ಸಾರಿ ಹೇಳಿದಳು.

ಇಂದ್ರಮ್ಮ ಅದನ್ನು ನಂಬಿದಳು. ಆ ದಿನದಿಂದ ಮಗನ ಹೆಸರು ಎತ್ತಲಿಲ್ಲ. ಲಂಘನವನ್ನು ದೇವರ ಮಾತಿನ ಹಾಗೆ ಹಿಡಿದುಕೊಂಡಳು. ಆ ಗಾದೆ, ಆ ಗತ್ತು, ಎಲ್ಲದರ ಅಡಿಯಲ್ಲಿ ಇದ್ದದ್ದು ಆ ಎರಡು ಚಮಚ.

ಈಗ ಅದೇ ಭಾರವನ್ನು ಹತ್ತು ವರ್ಷದ ಹುಡುಗಿಯ ತಲೆಗೆ ಹೊರಿಸಿ ನಿಂತಿದ್ದಳು. ಗುಂಡ ಸತ್ತರೆ ಇವಳು ಬದುಕಿರುವವರೆಗೂ ಆ ಕೈ ಒರೆಸುತ್ತಲೇ ಇರುತ್ತಾಳೆ.

“ಬುಟ್ಟಿ ತಗೊಂಬಾ. ಏಳು. ಡಾಕ್ಟ್ರ ತಾವ ಹೋಗಾಣ” ಅಂದಳು.

ಯತಿರಾಜನಿಗೆ ಫೋನು ಮಾಡುವ ಹಾಗಿರಲಿಲ್ಲ. ಮೊಬೈಲನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗುವುದು ಕಂಪನಿಯ ನಿಯಮ. ತರಕಾರಿ ಬುಟ್ಟಿಗೆ ಹಳೆಯ ಸೀರೆ ಹಾಸಿ, ಗುಂಡನನ್ನು ಮಲಗಿಸಿ, ಅಜ್ಜಿ ಮೊಮ್ಮಗಳು ಆಟೋ ಹತ್ತಿ ಹೊಸೂರಿನ ದನದ ಆಸ್ಪತ್ರೆಗೆ ಬಂದರು. ಅಲ್ಲಿ ಒಬ್ಬ ಜವಾನ ಬಿಟ್ಟರೆ ಯಾರೂ ಇರಲಿಲ್ಲ.

“ಡಾಕ್ಟರ್ ಇಲ್ಲೈ ಪಾಟಿ. ಕ್ಯಾಂಪ್” ಎಂದು ಅವನು ಕೈಯನ್ನು ಕೃಷ್ಣಗಿರಿಯ ಕಡೆ ಬೀಸಿದ.

ಪಾಟಿ ಅಂದರೆ ಅಜ್ಜಿ ಎಂಬುದು ಬಿಟ್ಟರೆ ಇಂದ್ರಮ್ಮನಿಗೆ ತಮಿಳು ಬಾರದು. ಸಿಂಚನಾ ಅವನ ಜೊತೆ ಮಾತಾಡಿ, ಡಾಕ್ಟರು ಇಲ್ಲವಂತೆ, ಸೂಳಗಿರಿಯಲ್ಲಿ ದನಗಳಿಗೆ ಸೂಜಿ ಹಾಕುತ್ತಿದ್ದಾರೆ, ಮೂರು ಗಂಟೆಗೆ ಮುಗಿಯುತ್ತದಂತೆ ಎಂದಳು. ಆಗಲೇ ಒಂದು ದಾಟಿತ್ತು.

ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕದ್ದೇ ಹೆಚ್ಚು. ಹೈವೇ ಅಗೆದು ಹಾಕಿದ್ದರು, ಬಸ್ಸು ಕುಲುಕಿದಾಗಲೆಲ್ಲ ಬುಟ್ಟಿಯನ್ನು ಎದೆಗೆ ಒತ್ತಿಕೊಳ್ಳಬೇಕಾಗುತ್ತಿತ್ತು. ಕಂಡಕ್ಟರ್ ಬುಟ್ಟಿಯೊಳಗೆ ಇಣುಕಿ, “ಕೊಳಂಬುಕ್ಕಾ ಪಾಟಿ?” ಎಂದು ನಕ್ಕ.

“ಏನಂದ ಅವ್ನು?”

“ಏನಿಲ್ಲ ಅಜ್ಜಿ” ಅಂದಳು ಸಿಂಚನಾ. ಸಾರಿಗಾ ಅಂತ ಕೇಳಿದ ಎಂದು ಹೇಳುವ ಶಕ್ತಿ ಅವಳಿಗಿರಲಿಲ್ಲ. ಬುಟ್ಟಿಯೊಳಗೆ ಕೈ ಇಟ್ಟು, ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ನೋಡುತ್ತಲೇ ಇದ್ದಳು. ಇಂದ್ರಮ್ಮ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಊರಿನ ದೇವರು ಇಷ್ಟು ದೂರ ಕೇಳಿಸಿಕೊಳ್ಳುತ್ತಾನೋ ಇಲ್ಲವೋ ಎಂಬ ಅನುಮಾನ ಬಂದು, ದಾರಿಯಲ್ಲಿ ಕಂಡ ಗುಡಿಗಳಿಗೂ ಕೈಮುಗಿದಳು. ಯಾವ ದೇವರೂ ಬಸ್ಸನ್ನು ಬೇಗ ಓಡಿಸಲಿಲ್ಲ.

ಸೂಳಗಿರಿಯಲ್ಲಿ ಹೊಂಗೆ ಮರದ ಕೆಳಗೆ ಇಪ್ಪತ್ತು ಮೂವತ್ತು ಹಸು, ಹಗ್ಗ ಹಿಡಿದ ರೈತರು, ನಡುವೆ ಸೂಜಿ ಹಿಡಿದ ಡಾಕ್ಟರ್ ಲಕ್ಷ್ಮೀಪತಿ. ಇಂದ್ರಮ್ಮ ಸಾಲನ್ನು ನೋಡಲಿಲ್ಲ. ಹಸುಗಳ ನಡುವೆ ನುಗ್ಗಿ ಬುಟ್ಟಿಯನ್ನು ಅವರ ಕಾಲ ಬಳಿ ಇಟ್ಟು ಅಲ್ಲೇ ಕೂತಳು.

“ಸಾಮಿ, ಇದನ್ನ ಉಳಿಸ್ಕೊಡಿ. ಇದು ಹೋದ್ರೆ ನನ್ ಮೊಮ್ಮಗಳು ಹೋಗ್ಬುಡ್ತಾಳೆ.”

ಡಾಕ್ಟರು ಸಿಡುಕಿನ ಮನುಷ್ಯ, ಆದರೆ ಹೊಸೂರು ಕಡೆಯವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಕುಕ್ಕರುಗಾಲಿನಲ್ಲಿ ಕೂತು ಮೊಲದ ಹೊಟ್ಟೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರು. ಕಿವಿಗೆ ಕೊಳವೆ ಹಾಕಿಕೊಂಡು ತುಂಬ ಹೊತ್ತು ಕೇಳಿದರು.

“ಒಳಗೆ ಸದ್ದೇ ಇಲ್ಲ. ಆರಿದ ಮುದ್ದೆ ಥರ ಗಟ್ಟಿ ಆಗೈತೆ. ಹಿಕ್ಕೆ ಹಾಕಿ ಎಷ್ಟು ದಿನ ಆಯ್ತು?”

“ಮೂರು ದಿನ” ಅಂದಳು ಸಿಂಚನಾ.

“ಏನು ತಿನ್ನಿಸ್ತಿದ್ರಿ?”

“ಬನ್ನು. ಅನ್ನ, ಚಪಾತಿ.”

“ಹುಲ್ಲು?”

ಸಿಂಚನಾ ಅಜ್ಜಿಯ ಮುಖ ನೋಡಿದಳು.

“ನಿನ್ನೆ ಇವತ್ತು ಏನು ಕೊಟ್ರಿ?”

“ಏನೂ ಕೊಟ್ಟಿಲ್ಲ ಸಾಮಿ, ನೀರೂ ಇಲ್ಲ. ಲಂಘನ ಹಾಕಿದ್ದೆ” ಎಂದಳು ಇಂದ್ರಮ್ಮ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಆಕೆಯ ಬಾಯಲ್ಲಿ ಸಣ್ಣದಾಗಿ ಬಂತು.

ಡಾಕ್ಟರು ತಲೆಯೆತ್ತಿ ನೋಡಿದರು. “ಅದೇ ಇದನ್ನ ಕೊಲ್ತಿರೋದು. ಮೊಲದ ಹೊಟ್ಟೆ ಒಂದು ಗಳಿಗೆ ನಿಲ್ಲಬಾರ್ದು ಅಮ್ಮ. ಇದಕ್ಕೆ ವಾಂತಿ ಮಾಡೋಕೂ ಬರಲ್ಲ. ನಾರು ಹೋಗ್ತಾ ಇರಬೇಕು, ಹಿಕ್ಕೆ ಬರ್ತಾ ಇರಬೇಕು. ಹಿಕ್ಕೆ ನಿಂತ ದಿನಾನೇ ಓಡಿ ಬರಬೇಕಾಗಿತ್ತು. ನೀರೂ ಇಲ್ದೆ ಎರಡು ದಿನ ಅಂದ್ರೆ, ಇಷ್ಟೊತ್ತಿಗೆ ಹೋಗಿರ್ಬೇಕಿತ್ತು.”

ಸಿಂಚನಾ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು. ಇಂದ್ರಮ್ಮ ಆ ಕೈಯನ್ನು ಎಳೆದು ಮುಂದೆ ತಂದಳು.

“ಈ ಹುಡುಗಿ ಕದ್ದು ನೀರು ಕೊಟ್ಟವ್ಳೆ ಸಾಮಿ. ಫಿಲ್ಲರಿನಾಗೆ. ಎರಡು ಎಸಳು ಗರಿಕೆನೂ ತಿನ್ಸವ್ಳೆ. ಅದ್ರಿಂದ ಹಿಂಗಾಯ್ತಾ?”

“ಅದ್ರಿಂದ ಉಸಿರು ಉಳಿದಿರೋದು” ಅಂದರು ಡಾಕ್ಟರು.

ಅವರು ಬೆನ್ನಿನ ಚರ್ಮ ಎತ್ತಿ ಅದರ ಕೆಳಗೆ ಸಲೈನು ಬಿಟ್ಟರು, ನೋವಿಗೆ ಒಂದು ಸೂಜಿ ಹಾಕಿದರು. ಸೂಜಿ ಇಲ್ಲದ ಸಿರಿಂಜೊಂದನ್ನು ಸಿಂಚನಾಳ ಕೈಗೆ ಕೊಟ್ಟು, ಹೇಗೆ ಕುಡಿಸಬೇಕೆಂದು ತೋರಿಸಿದರು. ಮುಂದಿನ ಹಲ್ಲಿನ ಪಕ್ಕದಿಂದ, ಸ್ವಲ್ಪಸ್ವಲ್ಪವೇ, ನುಂಗಿದ ಮೇಲೆ ಇನ್ನೊಂದು ಸ್ವಲ್ಪ. ಕುಡಿಸಬೇಕಾದದ್ದು ಹುಲ್ಲನ್ನು ನೀರು ಹಾಕಿ ರುಬ್ಬಿ ಸೋಸಿದ್ದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿ ಇಡಬೇಕು. ಹೊಟ್ಟೆ ಮೆಲ್ಲಗೆ ನೀವಬೇಕು. ಒಣಹುಲ್ಲು ಮುಂದೆ ಇದ್ದೇ ಇರಬೇಕು. ಮನುಷ್ಯರ ಮಾತ್ರೆ ಒಂದೂ ಕೂಡದು. “ಬದುಕ್ತದೆ ಅಂತ ಹೇಳಲ್ಲ. ನಾಳೆ ಬೆಳಗಾಗೋದ್ರೊಳಗೆ ಒಂದೇ ಒಂದು ಹಿಕ್ಕೆ ಬಿದ್ರೆ ಆಸೆ ಇಟ್ಕೊಳ್ಳಿ” ಎಂದು ಎದ್ದು ನಿಂತರು.

ಇಂದ್ರಮ್ಮ ಎದ್ದೇಳಲಿಲ್ಲ.

“ಸಾಮಿ, ಒಂದು ಮಾತು. ಮಕ್ಳಿಗೂ ಹಿಂಗೇನಾ? ಭೇದಿ ಆದ್ರೆ?”

“ಮಕ್ಕಳಿಗೆ ಇನ್ನೂ ಜಾಸ್ತಿ ಅಮ್ಮ. ಭೇದೀಲಿ ಮೈಯಿನ ನೀರೆಲ್ಲ ಹೋಗ್ತಿರ್ತದೆ. ಕುಡಿಯೋಕೆ ಕೊಡದಿದ್ರೆ ಕೂಸು ಒಣಗಿ ಸಾಯ್ತದೆ. ಈಗ ಅಂಗನವಾಡೀಲೇ ಹೇಳಿಕೊಡ್ತಾರಲ್ಲ, ಉಪ್ಪು ಸಕ್ಕರೆ ನೀರು.”

“ಗಂಜಿನೀರು?”

“ಅದೂ ಒಳ್ಳೇದೇ.”

“ಎರಡು ಚಮಚ ಕೊಟ್ರೆ?”

ಡಾಕ್ಟರು ಆಗಲೇ ಮುಂದಿನ ಹಸುವಿನ ಕಡೆ ತಿರುಗಿದ್ದರು. “ಎರಡು ಚಮಚ ಎಲ್ಲಿ ಸಾಲ್ತದಮ್ಮ? ಕುಡಿಯೋಷ್ಟೂ ಕೊಡಬೇಕು.”

ಇಂದ್ರಮ್ಮ ಬುಟ್ಟಿ ಎತ್ತಿಕೊಂಡು ರಸ್ತೆಗೆ ಬಂದಳು. ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತ ಮೇಲೆ ಸಿಂಚನಾ ಗುಂಡನ ಬಾಯಿಗೆ ಸಿರಿಂಜಿನಿಂದ ಒಂದು ಗುಟುಕು ನೀರು ಬಿಟ್ಟಳು. ಅರ್ಧ ಒಳಗೆ ಹೋಯಿತು, ಅರ್ಧ ಗದ್ದಕ್ಕೆ ಇಳಿಯಿತು.

“ಅಜ್ಜಿ, ಈಗ ಸತ್ತೋದ್ರೂ ನಾನೇ ಕೊಂದಂಗಾ?”

ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಇಂದ್ರಮ್ಮನಿಗೆ ಇರಲಿಲ್ಲ, ಅವಳ ಅತ್ತೆಗೂ ಇರಲಿಲ್ಲ. ಮೂವತ್ತೆಂಟು ವರ್ಷ ತಾನು ಯಾರ ಬಾಯಿಂದಲಾದರೂ ಕೇಳಬೇಕೆಂದು ಕಾದ ಮಾತು ಯಾವುದೋ, ಅದನ್ನೇ ಈಗ ತಾನು ಹೇಳಬೇಕಿತ್ತು.

“ನೀನಲ್ಲ ಕಣವ್ವ. ಇದು ಸತ್ರೆ ಕೊಂದೋಳು ನಾನು. ನೀನು ಉಳಿಸಾಕೆ ನೋಡ್ದೆ. ನಾಳೆ ಯಾರೇ ಕೇಳ್ಲಿ, ನಿಮ್ಮಪ್ಪ ಕೇಳ್ಲಿ, ನಿಮ್ಮಮ್ಮ ಕೇಳ್ಲಿ, ನಮ್ಮಜ್ಜಿ ಕೊಂದ್ಲು ಅಂತನೇ ಹೇಳು. ನಾನೂ ಹಂಗೇ ಹೇಳ್ತೀನಿ.”

ಆಗ ಸಿಂಚನಾ ಅತ್ತಳು. ಅಜ್ಜಿಯ ತೊಡೆಗೆ ಮುಖ ಒತ್ತಿ, ಎರಡು ಬಸ್ಸು ಹೋದರೂ ಅಳು ನಿಲ್ಲಲಿಲ್ಲ. ಇಂದ್ರಮ್ಮ ಒಂದು ಕೈಯಲ್ಲಿ ಮೊಮ್ಮಗಳ ಬೆನ್ನು, ಇನ್ನೊಂದು ಕೈಯಲ್ಲಿ ಗುಂಡನ ಹೊಟ್ಟೆ ನೀವುತ್ತ ಕೂತಳು.

ಸಂಜೆ ಬನ್ನು ಹಿಡಿದುಕೊಂಡು ಬಂದ ಯತಿರಾಜನನ್ನು ಹಾಗೇ ಹುಲ್ಲಿಗೆ ಓಡಿಸಿದರು. ಆಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮೂವರೂ ಸರದಿಯ ಮೇಲೆ ರುಬ್ಬಿದರು, ಸೋಸಿದರು, ಕುಡಿಸಿದರು. ಗುಂಡ ಬದುಕುವ ಲಕ್ಷಣ ತೋರಿಸಲಿಲ್ಲ, ಸಾಯಲೂ ಇಲ್ಲ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಸಿಂಚನಾ ಪಂಜರಕ್ಕೆ ಒರಗಿ ನಿದ್ದೆ ಹೋಗಿದ್ದಳು. ಎಂದಿನಂತೆ ಗುಡಿಸುವ ಹೊತ್ತು. ಇಂದ್ರಮ್ಮ ಪೊರಕೆಯನ್ನು ಮುಟ್ಟಲಿಲ್ಲ, ಮಂಡಿಯೂರಿ ಕೂತು ಹಾಸಿದ ಬಟ್ಟೆಯನ್ನು ಅಂಗೈಯಿಂದ ಸವರುತ್ತ ಹೋದಳು. ಗುಂಡನ ಹಿಂಗಾಲಿನ ಹತ್ತಿರ ಬೆರಳಿಗೆ ಏನೋ ತಾಗಿತು. ಮೆಣಸಿನ ಕಾಳಿಗಿಂತ ಸಣ್ಣದು, ಸೊಟ್ಟಗೆ, ಕೂದಲು ಸುತ್ತಿಕೊಂಡದ್ದು. ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹಿಕ್ಕೆಯೇ. ಅದರ ಪಕ್ಕದಲ್ಲಿ ಇನ್ನೂ ಒಂದಿತ್ತು. ಗುಂಡ ತಲೆಯೆತ್ತಿ, ಒಂದು ಕಡ್ಡಿ ಒಣಹುಲ್ಲನ್ನು ಬಾಯಿಗೆ ಎಳೆದುಕೊಂಡು, ಅಗಿಯಲೋ ಬೇಡವೋ ಎಂಬಂತೆ ನಿಧಾನವಾಗಿ ಅಗಿಯಿತು.

ಮೊಮ್ಮಗಳನ್ನು ಎಬ್ಬಿಸಿ ಅವಳ ಅಂಗೈಗೆ ಆ ಎರಡನ್ನೂ ಹಾಕಿದಳು. ಹುಡುಗಿ ಕಣ್ಣುಜ್ಜಿ ನೋಡಿ, ಅಪ್ಪಾ ಎಂದು ಕೂಗುತ್ತ ಒಳಗೆ ಓಡಿದಳು. ಕೈ ತೊಳೆ ಎಂದು ಯಾರೂ ಹೇಳಲಿಲ್ಲ.

ಇಂದ್ರಮ್ಮ ಅಡುಗೆಮನೆಗೆ ಹೋದಳು. ರುಬ್ಬಿದ ಹುಲ್ಲಿನ ನೀರು ಬಟ್ಟಲಿನಲ್ಲಿ ಉಳಿದಿತ್ತು, ಅದರಲ್ಲಿ ಚಮಚ ಇತ್ತು. ಆಕೆ ಚಮಚವನ್ನು ಕೈಗೆ ತೆಗೆದುಕೊಂಡು, ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಅಳದ ಅಳುವನ್ನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

“ಅಂಜನಪ್ಪ, ಅತ್ತೆ ಕೈ ಕೊಡವಿ ಮೂರನೇದೂ ಕೊಡಬೇಕಾಗಿತ್ತು ಕಣಪ್ಪ” ಅಂದಳು.